ಯುದ್ಧಕ್ಕೆ ಹೋಗಬಹುದು, ಸೆನೆಟರ್ ಇರುವುದಿಲ್ಲ: ವಾಷಿಂಗ್ಟನ್ ಡಿ.ಸಿ.ಯ ಸೈನಿಕರ ಮತದ ಕಥೆ

ಅಮೆರಿಕದ ಟೆಕ್ಸಸ್‌ನಲ್ಲಿ ಒಂದು ಸೇನಾ ನೆಲೆ ಇದೆ ಅಂದುಕೊಳ್ಳಿ. ಅಲ್ಲಿ ಇಬ್ಬರು ಸೈನಿಕರು ಒಟ್ಟಿಗೆ ಕೆಲಸ ಮಾಡುತ್ತಾರೆ. ಒಬ್ಬನ ಊರು ವಯೋಮಿಂಗ್ ರಾಜ್ಯದಲ್ಲಿದೆ. ಇನ್ನೊಬ್ಬಳದು ದೇಶದ ರಾಜಧಾನಿ, ವಾಷಿಂಗ್ಟನ್ ಡಿ.ಸಿ. ಇಬ್ಬರದೂ ಒಂದೇ ಸಮವಸ್ತ್ರ, ಒಂದೇ ಸಂಬಳ, ಒಂದೇ ಪ್ರಮಾಣವಚನ. ಚುನಾವಣೆ ಬಂದಾಗ ಇಬ್ಬರೂ ತಮ್ಮ ತಮ್ಮ ಊರಿನಿಂದ ಮತಪತ್ರ ತರಿಸಿಕೊಂಡು ಅಂಚೆಯಲ್ಲಿ ಕಳಿಸುತ್ತಾರೆ. ವಯೋಮಿಂಗ್‌ನವನ ಮತದಿಂದ ಇಬ್ಬರು ಸೆನೆಟರ್‌ಗಳು, ಒಬ್ಬ ಹೌಸ್ ಸದಸ್ಯ ಆರಿಸಿ ಬರುತ್ತಾರೆ (ಸೆನೆಟ್ ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆ, ಹೌಸ್ ಅಂದರೆ ಕೆಳಮನೆ). ಡಿ.ಸಿ.ಯವಳ ಮತದಿಂದ ಸೆನೆಟ್‌ನ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ. ಹೌಸ್‌ಗೆ ಒಬ್ಬ ಡೆಲಿಗೇಟ್ ಹೋಗುತ್ತಾರೆ. ಅವರು ಮಾತಾಡಬಹುದು, ಸಮಿತಿಗಳಲ್ಲಿ ಮತ ಹಾಕಬಹುದು. ಆದರೆ ಮಸೂದೆಯ ಮೇಲೆ ಸದನದಲ್ಲಿ ಕೊನೆಯ ಮತದಾನ ನಡೆಯುವಾಗ ಅವರಿಗೆ ಮತ ಇಲ್ಲ.

ಆ ಸೈನಿಕಳನ್ನು ಯುದ್ಧಕ್ಕೆ ಕಳಿಸಬೇಕೋ ಬೇಡವೋ ಎಂದು ನಿರ್ಧರಿಸುವುದು ಇದೇ ಎರಡು ಸದನಗಳು.

ನಮ್ಮಲ್ಲಿ ಕೊಡಗಿನ ಯೋಧನೊಬ್ಬ ಲಡಾಖ್‌ನಲ್ಲಿ ಕಾವಲಿದ್ದರೂ ಅವನ ಮತ ಮೈಸೂರು–ಕೊಡಗು ಕ್ಷೇತ್ರಕ್ಕೆ ಬೀಳುತ್ತದೆ. ಊರು ಬಿಟ್ಟರೂ ಊರಿನ ಮತ ಬಿಡುವುದಿಲ್ಲ. ಅಮೆರಿಕದ ನಿಯಮವೂ ಇಂಥದ್ದೇ. ಸೇನೆಯ ಆದೇಶದ ಮೇಲೆ ಬೇರೆ ಕಡೆ ಹೋದವರ ಕಾನೂನುಬದ್ಧ ವಾಸಸ್ಥಳ ಬದಲಾಗುವುದಿಲ್ಲ ಎಂದು ಅಲ್ಲಿನ ಕಾಯ್ದೆ ಹೇಳುತ್ತದೆ. ಸೈನಿಕರ ಹಕ್ಕು ಕಾಪಾಡಲೆಂದೇ ಬರೆದ ನಿಯಮ ಇದು. ಹಾಗಾಗಿ ವಯೋಮಿಂಗ್‌ನ ಸೈನಿಕ ಖುದ್ದು ಡಿ.ಸಿ.ಯಲ್ಲಿರುವ ಸೇನಾ ನೆಲೆಯಲ್ಲಿ ವರ್ಷಗಟ್ಟಲೆ ಇದ್ದರೂ ಅವನ ಸೆನೆಟರ್‌ಗಳು ಅವನಿಗೆ ಇದ್ದೇ ಇರುತ್ತಾರೆ. ಡಿ.ಸಿ.ಯವಳು ಟೆಕ್ಸಸ್‌ಗೆ ಹೋಗಲಿ, ಜರ್ಮನಿಗೆ ಹೋಗಲಿ, ಅವಳ ಬೆನ್ನ ಹಿಂದೆ ಬರುವುದು ಆ ಅರ್ಧ ಮತ ಮಾತ್ರ. ಟೆಕ್ಸಸ್ಸನ್ನೇ ತನ್ನ ಊರು ಎಂದು ಬರೆಸಿಕೊಂಡರೆ ಅವಳಿಗೂ ಸೆನೆಟರ್ ಸಿಗುತ್ತಾರೆ. ಆದರೆ ಅದಕ್ಕೆ ಹುಟ್ಟಿ ಬೆಳೆದ ಊರನ್ನು ಕಾಗದದ ಮೇಲೆ ಬಿಟ್ಟುಕೊಡಬೇಕು.

ಈ ಡಿ.ಸಿ. ಎಷ್ಟು ದೊಡ್ಡದು? ಸುಮಾರು 177 ಚದರ ಕಿಲೋಮೀಟರ್. ಬೆಂಗಳೂರಿನ ಹಿಂದಿನ ಬಿಬಿಎಂಪಿ ಪ್ರದೇಶದ ಕಾಲು ಭಾಗ ಅನ್ನಿ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 6,89,545 ಮಂದಿ. ಅದೇ ಗಣತಿಯಲ್ಲಿ ವಯೋಮಿಂಗ್ ರಾಜ್ಯದ ಜನಸಂಖ್ಯೆ 5,76,851. ವರ್ಮಾಂಟ್‌ನದು 6,43,077. ಎರಡೂ ಡಿ.ಸಿ.ಗಿಂತ ಚಿಕ್ಕವು, ಎರಡಕ್ಕೂ ತಲಾ ಇಬ್ಬರು ಸೆನೆಟರ್‌ಗಳು. ಡಿ.ಸಿ.ಯ ಜನ ಕೇಂದ್ರದ ಆದಾಯ ತೆರಿಗೆಯನ್ನು ಎಲ್ಲರಂತೆ ಪೂರ್ತಿ ಕಟ್ಟುತ್ತಾರೆ. ಸೇನೆಗೆ ಸೇರುತ್ತಾರೆ. ಅವರಲ್ಲಿ ಸುಮಾರು 30 ಸಾವಿರ ಮಂದಿ ಮಾಜಿ ಸೈನಿಕರು.

ಇಷ್ಟು ವಿಚಿತ್ರವಾದ ವ್ಯವಸ್ಥೆ ಹುಟ್ಟಿದ್ದು ಹೇಗೆ? ಇದರ ಬೇರಿನಲ್ಲೂ ಸೈನಿಕರೇ ಇದ್ದಾರೆ. ನನ್ನನ್ನು ಈ ವಿಷಯ ಹಿಡಿದು ನಿಲ್ಲಿಸಿದ್ದೇ ಆ ಕಾರಣಕ್ಕೆ.

1783ರ ಜೂನ್. ಬ್ರಿಟಿಷರ ವಿರುದ್ಧದ ಯುದ್ಧ ಮುಗಿಯುತ್ತಾ ಬಂದಿತ್ತು. ಹೊಸ ದೇಶದ ಖಜಾನೆಯಲ್ಲಿ ಕಾಸಿರಲಿಲ್ಲ. ಹೋರಾಡಿದ ಸೈನಿಕರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ. ಕೈಗೆ ದುಡ್ಡು ಕೊಡದೆ ಮನೆಗೆ ಕಳಿಸಿಬಿಡುತ್ತಾರೆ ಎಂಬ ಭಯ ಬೇರೆ. ಆಗ ಕಾಂಗ್ರೆಸ್ ಸೇರುತ್ತಿದ್ದದ್ದು ಫಿಲಡೆಲ್ಫಿಯಾದಲ್ಲಿ (ಅಲ್ಲಿ ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ಸಂಸತ್ತು). ಸುಮಾರು 400 ಸೈನಿಕರು ಆ ಕಟ್ಟಡವನ್ನು ಸುತ್ತುವರಿದು ಸಂಬಳ ಕೇಳಿದರು. ಕಾಂಗ್ರೆಸ್ ಪೆನ್ಸಿಲ್ವೇನಿಯಾ ರಾಜ್ಯ ಸರ್ಕಾರಕ್ಕೆ ರಕ್ಷಣೆ ಕೊಡಿ ಎಂದು ಮೊರೆಯಿಟ್ಟಿತು. ರಾಜ್ಯದ ಮುಖ್ಯಸ್ಥರಾಗಿದ್ದ ಜಾನ್ ಡಿಕಿನ್ಸನ್ ಪಡೆ ಕರೆಸಲು ಒಪ್ಪಲಿಲ್ಲ. ಕಾಂಗ್ರೆಸ್ ಸದಸ್ಯರು ಊರು ಬಿಟ್ಟು ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ಗೆ ಹೋದರು.

ಆ ಅವಮಾನ ಸಂವಿಧಾನ ಬರೆದವರ ಮನಸ್ಸಿನಲ್ಲಿ ಉಳಿಯಿತು. ಯಾವುದೋ ಒಂದು ರಾಜ್ಯದ ದಯೆಯಲ್ಲಿ ಕೇಂದ್ರ ಸರ್ಕಾರ ಇರಬಾರದು, ಅದಕ್ಕೆ ತನ್ನದೇ ಜಾಗ ಬೇಕು ಎಂಬ ವಾದ ಗಟ್ಟಿಯಾಯಿತು. ಹತ್ತು ಮೈಲಿ ಉದ್ದ, ಹತ್ತು ಮೈಲಿ ಅಗಲ ಮೀರದ ಒಂದು ಜಿಲ್ಲೆ, ಅದರ ಮೇಲೆ ಕಾಂಗ್ರೆಸ್ಸಿಗೆ ಪೂರ್ತಿ ಅಧಿಕಾರ ಎಂದು ಸಂವಿಧಾನದಲ್ಲಿ ಬರೆದರು. ಅದೇ ಸಂವಿಧಾನದ ಇನ್ನೊಂದು ಕಡೆ, ಹೌಸ್ ಸದಸ್ಯರನ್ನು ಆರಿಸುವವರು ‘ರಾಜ್ಯಗಳ’ ಜನ ಎಂದಿದೆ. ಸೆನೆಟರ್‌ಗಳೂ ಅಷ್ಟೇ, ರಾಜ್ಯಕ್ಕೆ ಇಬ್ಬರು. ಈ ಎರಡು ಸಾಲುಗಳ ನಡುವೆ ಡಿ.ಸಿ.ಯ ಜನ ಸಿಕ್ಕಿಕೊಂಡರು. ಅವರದು ರಾಜ್ಯ ಅಲ್ವಲ್ಲ.

ಆ ಜಿಲ್ಲೆಯಲ್ಲಿ ಜನ ವಾಸಿಸುತ್ತಾರೆ ಎಂಬುದನ್ನು ಅವರು ಮರೆತಿರಲಿಲ್ಲ. ಸಂವಿಧಾನವನ್ನು ಸಮರ್ಥಿಸಿ ಬರೆಯುವಾಗ ಜೇಮ್ಸ್ ಮ್ಯಾಡಿಸನ್, ಅಲ್ಲಿನವರಿಗೆ ತಾವೇ ಆರಿಸಿದ ಸ್ಥಳೀಯ ಶಾಸನಸಭೆ ಇದ್ದೇ ಇರುತ್ತದೆ ಎಂದು ಹೇಳಿದ್ದರು. ಮೇರಿಲ್ಯಾಂಡ್ ಮತ್ತು ವರ್ಜೀನಿಯಾ ಜಾಗ ಬಿಟ್ಟುಕೊಟ್ಟವು. 1800ರಲ್ಲಿ ಸರ್ಕಾರ ಅಲ್ಲಿಗೆ ಬಂತು. ಆ ವರ್ಷದವರೆಗೂ ಆ ನೆಲದ ಜನ ತಮ್ಮ ಹಳೆಯ ರಾಜ್ಯಗಳ ಮತದಾರರಾಗಿ ಮತ ಹಾಕುತ್ತಿದ್ದರು. 1801ರ ಕಾಯ್ದೆ ಜಿಲ್ಲೆಯನ್ನು ನೇರವಾಗಿ ಕಾಂಗ್ರೆಸ್ಸಿನ ಕೈಗೆ ಕೊಟ್ಟಿತು. ಅಲ್ಲಿಗೆ ಆ ಮತ ಮುಗಿಯಿತು. ವರ್ಜೀನಿಯಾ ತನ್ನ ಪಾಲಿನ ಜಾಗವನ್ನು 1840ರ ದಶಕದಲ್ಲಿ ವಾಪಸ್ ಪಡೆಯಿತು. ಇಂದು ಪೊಟೋಮ್ಯಾಕ್ ನದಿಯ ಆ ದಡದ ಆರ್ಲಿಂಗ್ಟನ್‌ನಲ್ಲಿ ಮನೆ ಮಾಡಿದವರಿಗೆ ಸೆನೆಟರ್‌ಗಳಿದ್ದಾರೆ. ಈ ದಡದಲ್ಲಿ ಮಾಡಿದವರಿಗೆ ಇಲ್ಲ. ಅಮೆರಿಕದ ಪೌರತ್ವ ಪಡೆದು ಆ ಭಾಗದಲ್ಲಿ ನೆಲೆಸಿರುವ ಕನ್ನಡಿಗರಿಗೂ ಇದೇ ಲೆಕ್ಕ. ಒಂದು ಸೇತುವೆ ದಾಟಿದರೆ ಮತದ ತೂಕವೇ ಬೇರೆ.

ಊರನ್ನು ತಾವೇ ಆಳಿಕೊಳ್ಳುವ ವಿಷಯವೂ ಏಳುಬೀಳಿನದ್ದೇ. 1871ರಲ್ಲಿ ಕಾಂಗ್ರೆಸ್ ಡಿ.ಸಿ.ಗೆ ಒಂದು ಹೊಸ ಆಡಳಿತ ಕೊಟ್ಟಿತು, ಜೊತೆಗೆ ಹೌಸ್‌ನಲ್ಲಿ ಮತವಿಲ್ಲದ ಒಬ್ಬ ಡೆಲಿಗೇಟ್. ಆ ಮೊದಲ ಡೆಲಿಗೇಟ್ ನಾರ್ಟನ್ ಚಿಪ್‌ಮನ್. ಅವರು ಅಂತರ್ಯುದ್ಧದಲ್ಲಿ ಗಾಯಗೊಂಡಿದ್ದ ಮಾಜಿ ಸೈನಿಕ. ಯುದ್ಧಕೈದಿಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತ ಆಂಡರ್ಸನ್‌ವಿಲ್ ಶಿಬಿರದ ಅಧಿಕಾರಿಯ ವಿರುದ್ಧ ಸರ್ಕಾರದ ಪರ ಮೊಕದ್ದಮೆ ನಡೆಸಿದ್ದೂ ಅವರೇ. 1874ರಲ್ಲಿ ಕಾಂಗ್ರೆಸ್ ಆ ಆಡಳಿತವನ್ನೇ ರದ್ದು ಮಾಡಿತು. 1875ರಲ್ಲಿ ಚಿಪ್‌ಮನ್ ಅವರ ಅವಧಿ ಮುಗಿದ ಮೇಲೆ ಆ ಕುರ್ಚಿಯೂ ಹೋಯಿತು. ಮತ್ತೆ ಒಬ್ಬ ಡೆಲಿಗೇಟ್ ಬರಲು 1971 ಆಗಬೇಕಾಯಿತು. 96 ವರ್ಷ!

ಈ ನಡುವೆ ಊರನ್ನು ಆಳಿದವರು ಮೂವರು ಕಮಿಷನರ್‌ಗಳು. ನೇಮಕ ಮಾಡುತ್ತಿದ್ದವರು ಅಧ್ಯಕ್ಷರು. ಮೂವರಲ್ಲಿ ಒಬ್ಬರು ಸೇನೆಯ ಎಂಜಿನಿಯರಿಂಗ್ ವಿಭಾಗದ ಅಧಿಕಾರಿಯೇ ಆಗಿರಬೇಕು ಎಂಬ ನಿಯಮವಿತ್ತು. ಊರಿನ ಚರಂಡಿ, ರಸ್ತೆಗಳ ಮೇಲೆ ಸೇನಾಧಿಕಾರಿಯ ಮಾತು ನಡೆಯುತ್ತಿತ್ತು. ಅದೇ ಊರಿನಿಂದ ಸೇನೆಗೆ ಹೋದ ಹುಡುಗನಿಗೆ ಮೇಯರ್‌ನನ್ನು ಆರಿಸುವ ಹಕ್ಕೂ ಇರಲಿಲ್ಲ, ಅಧ್ಯಕ್ಷನನ್ನು ಆರಿಸುವ ಹಕ್ಕೂ ಇರಲಿಲ್ಲ.

ಆ ಕಾಲದವರ ನೆನಪಿಗೆ ಊರಿನ ನಡುವಿನ ದೊಡ್ಡ ಉದ್ಯಾನ ನ್ಯಾಷನಲ್ ಮಾಲ್‌ನ ಮರಗಳ ನಡುವೆ ಒಂದು ಬಿಳಿ ಅಮೃತಶಿಲೆಯ ಮಂಟಪ ಇದೆ. ಡಿ.ಸಿ. ಯುದ್ಧ ಸ್ಮಾರಕ. ಮೊದಲ ಮಹಾಯುದ್ಧಕ್ಕೆ ಈ ಊರಿನಿಂದ ಸುಮಾರು 26 ಸಾವಿರ ಮಂದಿ ಹೋಗಿದ್ದರು. ಸತ್ತ 499 ಮಂದಿಯ ಹೆಸರುಗಳನ್ನು ಅಲ್ಲಿ ಕೆತ್ತಿದ್ದಾರೆ. ಹುದ್ದೆ ನೋಡಿಲ್ಲ, ಕರಿಯರು–ಬಿಳಿಯರು ಎಂದು ಬೇರೆ ಮಾಡಿಲ್ಲ, ಗಂಡು–ಹೆಣ್ಣು ಎಂದೂ ನೋಡಿಲ್ಲ. ಸುಮ್ನೆ ಅಕ್ಷರ ಕ್ರಮದಲ್ಲಿ ಬರೆದಿದ್ದಾರೆ. ಜನಾಂಗದ ಗೋಡೆ ಗಟ್ಟಿಯಾಗಿದ್ದ 1931ರಲ್ಲಿ ಅದು ಸಣ್ಣ ಮಾತಲ್ಲ. ಊರಿನ ಜನರೇ ದೇಣಿಗೆ ಕೊಟ್ಟು ಕಟ್ಟಿಸಿದ್ದು. ಆ 499 ಮಂದಿಯಲ್ಲಿ ಡಿ.ಸಿ.ಯ ಮತದಾರರಾಗಿ ತಮ್ಮನ್ನು ಯುದ್ಧಕ್ಕೆ ಕಳಿಸಿದ ಅಧ್ಯಕ್ಷನಿಗಾಗಲಿ ಕಾಂಗ್ರೆಸ್ಸಿಗಾಗಲಿ ಮತ ಹಾಕಿದವರು ಒಬ್ಬರೂ ಇಲ್ಲ. ಹಾಕಲು ಆಗುತ್ತಲೇ ಇರಲಿಲ್ಲ.

ಸ್ಮಾರಕದ ಉದ್ಘಾಟನೆಯಾಗಿ ವರ್ಷ ತುಂಬುವ ಮೊದಲೇ ಇನ್ನೊಂದು ಘಟನೆ ನಡೆಯಿತು. 1932ರ ಬೇಸಿಗೆಯಲ್ಲಿ ಅದೇ ಯುದ್ಧದ ಸಾವಿರಾರು ಮಾಜಿ ಸೈನಿಕರು ದೇಶದ ಮೂಲೆಮೂಲೆಯಿಂದ ಡಿ.ಸಿ.ಗೆ ಬಂದರು. 1945ಕ್ಕೆ ಕೊಡುತ್ತೇವೆ ಎಂದಿದ್ದ ಬೋನಸ್ಸನ್ನು ಈಗಲೇ ಕೊಡಿ, ಕೆಲಸವಿಲ್ಲ, ಮಕ್ಕಳು ಹಸಿದಿದ್ದಾರೆ ಎಂದರು. ಅನಕೋಸ್ಟಿಯಾ ನದಿಯ ಬಯಲಿನಲ್ಲಿ ಜೋಪಡಿ ಹಾಕಿಕೊಂಡರು. ಊರಿನ ಪೊಲೀಸ್ ಮುಖ್ಯಸ್ಥ ಪೆಲ್ಹಾಮ್ ಗ್ಲಾಸ್‌ಫರ್ಡ್ ತಾವೂ ಆ ಯುದ್ಧದಲ್ಲಿ ಬ್ರಿಗೇಡಿಯರ್ ಜನರಲ್ ಆಗಿದ್ದವರು. ಬಂದವರಿಗೆ ಊಟ, ಜಾಗ ಹೊಂದಿಸಲು ಓಡಾಡಿದರು. ಆದರೆ ಪರಿಸ್ಥಿತಿ ಕೈಮೀರಿದೆ, ಸೇನೆ ಬೇಕು ಎಂದು ಅಧ್ಯಕ್ಷ ಹೂವರ್ ಅವರನ್ನು ಕೇಳಿದವರು ಕಮಿಷನರ್‌ಗಳು. ಜುಲೈ 28ರಂದು ಡಗ್ಲಸ್ ಮ್ಯಾಕ್‌ಆರ್ಥರ್ ನೇತೃತ್ವದಲ್ಲಿ ಕುದುರೆ ಪಡೆ, ಟ್ಯಾಂಕ್, ಅಶ್ರುವಾಯು ಬಂದವು. ಜೋಪಡಿಗಳು ಉರಿದವು. ಆ ಕಮಿಷನರ್‌ಗಳು ಊರಿನ ಜನರಿಗೆ ಉತ್ತರ ಕೊಡಬೇಕಾಗಿರಲಿಲ್ಲ. ಊರಿನ ಜನ ಅವರನ್ನು ಇಳಿಸಲೂ ಆಗುತ್ತಿರಲಿಲ್ಲ.

ಬದಲಾವಣೆ ನಿಧಾನವಾಗಿ ಬಂತು. 1961ರಲ್ಲಿ ಸಂವಿಧಾನದ 23ನೇ ತಿದ್ದುಪಡಿಯಿಂದ ಅಧ್ಯಕ್ಷರ ಚುನಾವಣೆಯಲ್ಲಿ ಮತ ಸಿಕ್ಕಿತು. ಆದರೆ ಅತಿ ಕಡಿಮೆ ಜನರಿರುವ ರಾಜ್ಯಕ್ಕಿಂತ ಜಾಸ್ತಿ ತೂಕ ಇರುವಂತಿಲ್ಲ. ಹಾಗಾಗಿ ಅಧ್ಯಕ್ಷರನ್ನು ಆರಿಸುವ ಮಂಡಳಿಯಲ್ಲಿ ಡಿ.ಸಿ.ಗೆ 3 ಮತ. 1964ರಲ್ಲಿ ಮೊದಲ ಬಾರಿ ಅಲ್ಲಿನವರು ಅಧ್ಯಕ್ಷರಿಗೆ ಮತ ಹಾಕಿದರು. 1973ರ ಹೋಮ್ ರೂಲ್ (ಊರಿನ ಸ್ವಯಮಾಡಳಿತ) ಕಾಯ್ದೆಯಿಂದ ಮೇಯರ್ ಮತ್ತು 13 ಸದಸ್ಯರ ಕೌನ್ಸಿಲ್ ಬಂತು.

ಆ ಹೋಮ್ ರೂಲ್ ಎಷ್ಟು ಗಟ್ಟಿ? ಕೌನ್ಸಿಲ್ ಮಾಡಿದ ಕಾನೂನು ಕಾಂಗ್ರೆಸ್ಸಿನ ಮುಂದೆ ಹೋಗಿ ಕಾಯಬೇಕು. ಕಾಂಗ್ರೆಸ್ ಬೇಡ ಎಂದರೆ ಅದು ಬಿದ್ದುಹೋಗುತ್ತದೆ. 2023ರಲ್ಲಿ ಊರಿನ ಹೊಸ ಅಪರಾಧ ಸಂಹಿತೆ ಹೀಗೇ ಬಿತ್ತು. ಸ್ಥಳೀಯ ನ್ಯಾಯಾಧೀಶರನ್ನು ನೇಮಿಸುವವರು ಅಧ್ಯಕ್ಷರು. 2025ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಮಾಡಿದ ಖರ್ಚಿನ ಮಸೂದೆಯೊಂದು ಊರು ತಾನೇ ಸಂಗ್ರಹಿಸಿದ ತೆರಿಗೆಯಿಂದ ಸುಮಾರು 100 ಕೋಟಿ ಡಾಲರ್ ಖರ್ಚು ಮಾಡುವುದಕ್ಕೆ ತಡೆಯಾಯಿತು. ಅದೇ ವರ್ಷ ಆಗಸ್ಟ್ 11ರಂದು ಅಧ್ಯಕ್ಷ ಟ್ರಂಪ್ ಹೋಮ್ ರೂಲ್ ಕಾಯ್ದೆಯ 740ನೇ ಸೆಕ್ಷನ್ ಬಳಸಿ ಊರಿನ ಪೊಲೀಸ್ ಪಡೆಯನ್ನು 30 ದಿನ ತಮ್ಮ ಹಿಡಿತಕ್ಕೆ ತೆಗೆದುಕೊಂಡರು. ನ್ಯಾಷನಲ್ ಗಾರ್ಡ್ ಪಡೆಯನ್ನೂ ಬೀದಿಗಿಳಿಸಿದರು.

ನಮಗೆ ದೆಹಲಿ ಗೊತ್ತಲ್ಲ. ಅಲ್ಲೂ ಪೊಲೀಸ್ ಇಲಾಖೆ ಕೇಂದ್ರದ ಕೈಯಲ್ಲಿದೆ. ಲೆಫ್ಟಿನೆಂಟ್ ಗವರ್ನರ್ ಮತ್ತು ಚುನಾಯಿತ ಸರ್ಕಾರದ ಜಗ್ಗಾಟ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಆದರೆ ದೆಹಲಿಯವರು 7 ಮಂದಿಯನ್ನು ಲೋಕಸಭೆಗೆ ಕಳಿಸುತ್ತಾರೆ. ಅವರ ವಿಧಾನಸಭೆ 3 ಮಂದಿಯನ್ನು ರಾಜ್ಯಸಭೆಗೆ ಆರಿಸುತ್ತದೆ. ಅವರೆಲ್ಲರ ಮತ ಬೇರೆ ಸಂಸದರ ಮತದಷ್ಟೇ ತೂಗುತ್ತದೆ. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದವರಿಗೂ ಎರಡೂ ಸದನಗಳಲ್ಲಿ ಮತ ಇರುವ ಸದಸ್ಯರಿದ್ದಾರೆ. ರಾಜಧಾನಿ ಕೇಂದ್ರದ ಹಿಡಿತದಲ್ಲಿರಬೇಕು ಅನ್ನುವುದು ಒಂದು ಪ್ರಶ್ನೆ. ಅಲ್ಲಿನ ಜನರಿಗೆ ಸಂಸತ್ತಿನಲ್ಲಿ ಮತ ಇರಬೇಕೋ ಬೇಡವೋ ಅನ್ನುವುದು ಬೇರೆಯೇ ಪ್ರಶ್ನೆ. ಡಿ.ಸಿ. ವಿಷಯ ಮಾತಾಡುವಾಗ ಈ ಎರಡನ್ನೂ ಒಂದೇ ಗಂಟು ಮಾಡಿಬಿಡುತ್ತಾರೆ.

ನ್ಯಾಷನಲ್ ಗಾರ್ಡ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇವರು ವಾರದ ದಿನಗಳಲ್ಲಿ ಬೇರೆ ಉದ್ಯೋಗ ಮಾಡುತ್ತಾ, ಕರೆ ಬಂದಾಗ ಸಮವಸ್ತ್ರ ತೊಡುವವರು. ಪ್ರವಾಹ ಬಂದರೆ, ಗಲಭೆಯಾದರೆ ಪ್ರತಿ ರಾಜ್ಯದ ಗವರ್ನರ್ ತಮ್ಮ ಗಾರ್ಡ್ ಪಡೆಯನ್ನು ಕರೆಸಬಹುದು. ಡಿ.ಸಿ.ಯ ಗಾರ್ಡ್ ಮೇಯರ್ ಮಾತು ಕೇಳುವಂತಿಲ್ಲ. ಅದರ ಒಡೆಯ ದೇಶದ ಅಧ್ಯಕ್ಷ. 2021ರ ಜನವರಿ 6ರಂದು ಗುಂಪು ಸಂಸತ್ ಭವನಕ್ಕೆ ನುಗ್ಗಿತಲ್ಲ, ಆಗ ಡಿ.ಸಿ. ಗಾರ್ಡ್‌ನ ಕಮಾಂಡರ್ ಆಗಿದ್ದವರು ವಿಲಿಯಂ ವಾಕರ್. ಮಧ್ಯಾಹ್ನ 1:49ಕ್ಕೆ ಸಹಾಯ ಬೇಕು ಎಂಬ ಕರೆ ಬಂತು, ಹೊರಡಲು ಒಪ್ಪಿಗೆ ತಮಗೆ ತಲುಪಿದ್ದು ಸಂಜೆ 5:08ಕ್ಕೆ ಎಂದು ಅವರು ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ಹೇಳಿದರು. ಮೂರು ಗಂಟೆ ಹತ್ತೊಂಬತ್ತು ನಿಮಿಷ. ಆ ಹೊತ್ತಿನಲ್ಲಿ ಮೇಯರ್ ಮ್ಯೂರಿಯಲ್ ಬೌಸರ್ ಅವರು ಕೇಳಿಕೊಳ್ಳಬಹುದಿತ್ತು, ಕೇಳಿಯೂ ಕೇಳಿದರು. ಆದೇಶ ಕೊಡುವ ಅಧಿಕಾರ ಅವರಿಗಿರಲಿಲ್ಲ. 1783ರಲ್ಲಿ ಕಾಂಗ್ರೆಸ್ ಹೆದರಿದ್ದು ರಾಜ್ಯ ಸರ್ಕಾರ ಪಡೆ ಕಳಿಸುವುದಿಲ್ಲ ಎಂದು. 2021ರಲ್ಲಿ ಪಡೆ ಕಳಿಸುವ ಅಧಿಕಾರ ಪೂರ್ತಿ ಕೇಂದ್ರದ್ದೇ ಆಗಿತ್ತು, ಆದರೂ ಕಾಯಬೇಕಾಯಿತು.

ಈಗ ಮಾಜಿ ಸೈನಿಕರ ದಿನನಿತ್ಯದ ಬದುಕಿಗೆ ಬರೋಣ. ಸಾಮಾನ್ಯ ನಾಗರಿಕರಿಗೆ ಕೇಂದ್ರ ಸರ್ಕಾರ ದೂರದ್ದು ಅನಿಸಬಹುದು. ಮಾಜಿ ಸೈನಿಕರಿಗೆ ಹಾಗಲ್ಲ. ಅವರ ಆಸ್ಪತ್ರೆ, ಪಿಂಚಣಿ, ಗಾಯಕ್ಕೆ ಸಿಗುವ ಪರಿಹಾರ, ಓದಿಗೆ ಸಿಗುವ ನೆರವು, ಸತ್ತ ಮೇಲಿನ ಮಣ್ಣು ಎಲ್ಲವೂ ಕೇಂದ್ರದ ಮಾಜಿ ಸೈನಿಕರ ಇಲಾಖೆಯಿಂದ ಬರಬೇಕು. ಅದರ ಬಜೆಟ್ ಕಾಂಗ್ರೆಸ್ಸಿನದು. ಅದರ ಮುಖ್ಯಸ್ಥರನ್ನು ಒಪ್ಪುವುದು ಸೆನೆಟ್. ಅರ್ಜಿ ಎಲ್ಲೋ ಸಿಕ್ಕಿಹಾಕಿಕೊಂಡರೆ ಅಮೆರಿಕದ ಮಾಜಿ ಸೈನಿಕರು ಮೊದಲು ಮಾಡುವ ಕೆಲಸ ತಮ್ಮ ಸೆನೆಟರ್ ಕಚೇರಿಗೆ ಫೋನ್ ಮಾಡುವುದು. ಇದಕ್ಕೆಂದೇ ಅಲ್ಲಿ ಸಿಬ್ಬಂದಿ ಇರುತ್ತಾರೆ. ವರ್ಮಾಂಟ್‌ನವರಿಗೆ ತಟ್ಟಲು ಮೂರು ಬಾಗಿಲು, ಡಿ.ಸಿ.ಯವರಿಗೆ ಒಂದೇ. ಆ ಒಂದು ಬಾಗಿಲ ಹಿಂದೆ ಕೂತವರ ಕೈಯಲ್ಲೂ ಸದನದ ಮತ ಇಲ್ಲ. ಡಿ.ಸಿ.ಯಲ್ಲಿ ಜನರೇ ಆರಿಸುವ ‘ಶ್ಯಾಡೋ’ ಸೆನೆಟರ್‌ಗಳು ಇದ್ದಾರೆ, ನಿಜ. ಮತಪತ್ರದಲ್ಲೂ ಅವರ ಹೆಸರಿರುತ್ತದೆ. ಆದರೆ ಸೆನೆಟ್ ಅವರನ್ನು ಸದಸ್ಯರೆಂದು ಒಪ್ಪುವುದಿಲ್ಲ, ಒಳಗೆ ಕೂರಿಸುವುದೂ ಇಲ್ಲ.

2022ರ ಒಂದು ಉದಾಹರಣೆ ನೋಡಿ. ಇರಾಕ್, ಅಫ್ಘಾನಿಸ್ತಾನದ ನೆಲೆಗಳಲ್ಲಿ ಕಸವನ್ನು ಗುಂಡಿಯಲ್ಲಿ ಹಾಕಿ ಸುಡುತ್ತಿದ್ದರು. ಆ ಹೊಗೆ ಕುಡಿದು ಕಾಯಿಲೆ ಬಿದ್ದ ಸೈನಿಕರಿಗೆ ಚಿಕಿತ್ಸೆ, ಪರಿಹಾರ ಕೊಡುವ ಮಸೂದೆ ಸೆನೆಟ್‌ನಲ್ಲಿ ಸಿಕ್ಕಿಕೊಂಡಿತು. ಮಾಜಿ ಸೈನಿಕರು ಬಂದು ಸಂಸತ್ ಭವನದ ಮೆಟ್ಟಿಲ ಮೇಲೆ ಮಳೆ ಬಿಸಿಲೆನ್ನದೆ ದಿನಗಟ್ಟಲೆ ಮಲಗಿದರು. ಆಗಸ್ಟ್ 2ರಂದು 86–11 ಮತಗಳಿಂದ ಮಸೂದೆ ಗೆದ್ದಿತು. ಅಷ್ಟು ದಿನ ದೇಶದ ರಾಜ್ಯಗಳಲ್ಲಿರುವ ಮಾಜಿ ಸೈನಿಕರೆಲ್ಲ ತಮ್ಮ ಸೆನೆಟರ್‌ಗೆ ಒತ್ತಡ ಹಾಕಬಹುದಿತ್ತು. ಆ ಮೆಟ್ಟಿಲುಗಳಿಂದ ನಡೆದು ಹೋಗುವಷ್ಟು ಹತ್ತಿರ ಮನೆ ಇದ್ದವರಿಗೆ ಮಾತ್ರ ಕೇಳಲು ತಮ್ಮವರೆಂಬ ಒಬ್ಬ ಸೆನೆಟರೂ ಇರಲಿಲ್ಲ.

ಸೇನೆಗೆ ಸೇರುವ ಬಾಗಿಲಲ್ಲೇ ಈ ವ್ಯತ್ಯಾಸ ಶುರುವಾಗುತ್ತದೆ. ವೆಸ್ಟ್ ಪಾಯಿಂಟ್‌ನಂಥ ಸೇನಾ ಅಕಾಡೆಮಿಗೆ ಸೇರಲು ಸಾಮಾನ್ಯವಾಗಿ ಕಾಂಗ್ರೆಸ್ ಸದಸ್ಯರೊಬ್ಬರ ಶಿಫಾರಸು ಬೇಕು. ಒಬ್ಬೊಬ್ಬ ಸೆನೆಟರ್, ಒಬ್ಬೊಬ್ಬ ಹೌಸ್ ಸದಸ್ಯರ ಪಾಲಿಗೆ ಒಂದು ಕಾಲಕ್ಕೆ 5 ಕೆಡೆಟ್‌ಗಳು. ವಯೋಮಿಂಗ್‌ಗೆ ಒಟ್ಟು 15. ಅದಕ್ಕಿಂತ ಒಂದು ಲಕ್ಷಕ್ಕೂ ಹೆಚ್ಚು ಜನರಿರುವ ಡಿ.ಸಿ.ಗೆ 5. ಹದಿನೇಳು ವರ್ಷದ ಹುಡುಗಿಯೊಬ್ಬಳಿಗೆ ಅಧಿಕಾರಿಯಾಗುವ ಕನಸಿದ್ದರೆ, ಅವಳ ವಿಳಾಸವೇ ಅವಳಿಗೆ ಅಡ್ಡ ಬರುತ್ತದೆ. ನನಗೆ ಇದು ಬಹಳ ನೋವಿನ ವಿಷಯ ಅನಿಸುತ್ತದೆ.

ಹಾಗಾದರೆ ಸರಿಪಡಿಸಲು ಏನು ಕಷ್ಟ? ವಿರೋಧಿಸುವವರ ಮಾತನ್ನೂ ಸರಿಯಾಗಿ ಕೇಳಬೇಕು. ಸಂವಿಧಾನದ ಮಾತು ಸ್ಪಷ್ಟವಾಗಿದೆ, ರಾಜಧಾನಿ ರಾಜ್ಯವಾಗಲು ತಿದ್ದುಪಡಿ ಬೇಕು ಎನ್ನುತ್ತಾರೆ. ಸುಮ್ಮನೆ ತಳ್ಳಿಹಾಕುವ ವಾದ ಅಲ್ಲ. ಮತಕ್ಕಾಗಿ ಡಿ.ಸಿ. ನಿವಾಸಿಗಳು ಹೂಡಿದ ದಾವೆ 2000ನೇ ಇಸವಿಯಲ್ಲಿ ನ್ಯಾಯಾಲಯದಲ್ಲಿ ಸೋತದ್ದೂ ‘ರಾಜ್ಯ’ ಎಂಬ ಪದದ ಮೇಲೆಯೇ. ರಾಜ್ಯ ಮಾಡಿ ಸರ್ಕಾರಿ ಕಟ್ಟಡಗಳಿರುವ ಸಣ್ಣ ತುಂಡನ್ನು ಮಾತ್ರ ಜಿಲ್ಲೆಯಾಗಿ ಉಳಿಸಿಕೊಂಡರೆ, 23ನೇ ತಿದ್ದುಪಡಿಯ ಆ 3 ಮತಗಳು ಬೆರಳೆಣಿಕೆಯ ಜನರ ಕೈಗೆ ಹೋಗುತ್ತವೆ. ಅದಕ್ಕೂ ಪರಿಹಾರ ಬೇಕು. ಇವುಗಳ ಜೊತೆಗೆ ಪಕ್ಷದ ಲೆಕ್ಕ ಇದೆ. 2020ರಲ್ಲಿ ಡಿ.ಸಿ.ಯ 92% ಮತ ಬೈಡನ್ ಅವರಿಗೆ ಬಿತ್ತು. ರಾಜ್ಯವಾದರೆ ಸೆನೆಟ್‌ನ ಎರಡು ಹೊಸ ಸೀಟು ಡೆಮಾಕ್ರಟ್ ಪಕ್ಷಕ್ಕೆ ಎಂದು ಎರಡೂ ಪಕ್ಷಗಳಿಗೆ ಗೊತ್ತು. ನನ್ನ ಮಟ್ಟಿಗೆ, ಒಬ್ಬ ಸೈನಿಕ ಯಾವ ಪಕ್ಷಕ್ಕೆ ಮತ ಹಾಕುತ್ತಾನೆ ಎಂದು ಮೊದಲೇ ಊಹಿಸಿ ಅವನ ಮತ ತಡೆಯುವುದು ಒಪ್ಪುವಂಥದ್ದಲ್ಲ. ಕದನಕ್ಕೆ ಕಳಿಸುವಾಗ ಯಾರೂ ಅವನ ಪಕ್ಷ ಕೇಳಿರಲಿಲ್ಲ.

ದಾರಿಗಳು ಮೂರಿವೆ. ಡಿ.ಸಿ.ಯ ವಸತಿ ಭಾಗವನ್ನು ಮೇರಿಲ್ಯಾಂಡ್‌ಗೆ ವಾಪಸ್ ಕೊಡುವುದು ಒಂದು. ಮೇರಿಲ್ಯಾಂಡ್‌ಗೆ ಅದರಲ್ಲಿ ಆಸಕ್ತಿ ಕಡಿಮೆ, ಡಿ.ಸಿ.ಯವರಿಗೂ ಅಷ್ಟೇ. ಸಂವಿಧಾನ ತಿದ್ದಿ ಮತ ಕೊಡುವುದು ಇನ್ನೊಂದು. 1978ರಲ್ಲಿ ಕಾಂಗ್ರೆಸ್ ಅಂಥ ತಿದ್ದುಪಡಿಯನ್ನು ಒಪ್ಪಿತ್ತು. 38 ರಾಜ್ಯಗಳು ಒಪ್ಪಬೇಕಿತ್ತು, ಒಪ್ಪಿದ್ದು 16. 1985ಕ್ಕೆ ಗಡುವು ಮುಗಿಯಿತು. ಮೂರನೆಯದು ರಾಜ್ಯ ಸ್ಥಾನಮಾನ. 2016ರಲ್ಲಿ ಡಿ.ಸಿ.ಯ ಮತದಾರರಲ್ಲಿ ಸುಮಾರು 86% ಮಂದಿ ಅದನ್ನೇ ಬೇಕೆಂದರು. ಎಚ್.ಆರ್. 51 ಎಂಬ ಮಸೂದೆ 2020ರ ಜೂನ್‌ನಲ್ಲಿ 232–180, 2021ರ ಏಪ್ರಿಲ್‌ನಲ್ಲಿ 216–208 ಮತಗಳಿಂದ ಹೌಸ್‌ನಲ್ಲಿ ಗೆದ್ದಿತು. ಸೆನೆಟ್‌ನಲ್ಲಿ ಮತಕ್ಕೇ ಬರಲಿಲ್ಲ. ಆ ಮಸೂದೆ ತಂದವರು ಡಿ.ಸಿ.ಯ ಡೆಲಿಗೇಟ್ ಎಲಿನರ್ ಹೋಮ್ಸ್ ನಾರ್ಟನ್. ತಾವೇ ತಂದ ಮಸೂದೆಗೆ ಕೊನೆಯ ಮತದಾನದಲ್ಲಿ ಅವರು ಮತ ಹಾಕುವಂತಿರಲಿಲ್ಲ.

ನಾರ್ಟನ್ ಸದನದಲ್ಲಿ ಮತ್ತೆ ಮತ್ತೆ ಹೇಳುವ ಒಂದು ಲೆಕ್ಕ ಇದೆ. ವಿಯೆಟ್ನಾಂ ಯುದ್ಧದಲ್ಲಿ ಡಿ.ಸಿ. ಕಳೆದುಕೊಂಡದ್ದು 243 ಮಂದಿಯನ್ನು. 10 ರಾಜ್ಯಗಳು ಕಳೆದುಕೊಂಡದ್ದಕ್ಕಿಂತ ಇದು ಜಾಸ್ತಿ.

ಅವರು ಗೆದ್ದ ಸಣ್ಣದೊಂದು ಹೋರಾಟವೂ ಇದೆ. ಸೇನಾ ಸಮಾರಂಭಗಳಲ್ಲಿ 50 ರಾಜ್ಯಗಳ ಬಾವುಟಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ತರಬೇತಿ ಮುಗಿಸಿದ ಮಕ್ಕಳನ್ನು ನೋಡಲು ಬಂದ ಮನೆಯವರು ಆ ಸಾಲಿನಲ್ಲಿ ತಮ್ಮ ಊರಿನ ಬಾವುಟ ಹುಡುಕುತ್ತಾರೆ. ಡಿ.ಸಿ.ಯ ಬಾವುಟ ಅಲ್ಲಿ ಇರುತ್ತದೆ ಎಂಬ ಖಾತ್ರಿ ಇರಲಿಲ್ಲ. ನಾರ್ಟನ್ ಪಟ್ಟು ಹಿಡಿದು, 2013ನೇ ಸಾಲಿನ ರಕ್ಷಣಾ ಕಾಯ್ದೆಯಲ್ಲಿ ಒಂದು ಸಾಲು ಸೇರಿಸಿದರು. ರಾಜ್ಯಗಳ ಬಾವುಟ ಇಡುವ ಕಡೆ ಡಿ.ಸಿ. ಮತ್ತು ಇತರ ಪ್ರಾಂತ್ಯಗಳ ಬಾವುಟಗಳನ್ನೂ ಇಡಬೇಕು. ಬಿಳಿ ಬಟ್ಟೆ, ಎರಡು ಕೆಂಪು ಪಟ್ಟಿ, ಮೇಲೆ ಮೂರು ಕೆಂಪು ನಕ್ಷತ್ರ. ಈಗ ಅದೂ ಆ ಸಾಲಿನಲ್ಲಿ ನಿಲ್ಲುತ್ತದೆ.